ಸೋತ ತಂಡಕ್ಕೂ ಮುಂದಿನ ಭಾನುವಾರ ಬೇಕು

ಪತ್ರದ ಸಾರ: ಮಂಡ್ಯ ಗುತ್ತಲಿನ ಓದುಗರೊಬ್ಬರು, ನಿವೃತ್ತ ಪಿ.ಟಿ. ಮೇಷ್ಟ್ರು, ಬರೆದಿದ್ದಾರೆ: “ನಿಮ್ಮ ಕ್ರೀಡಾಪುಟದಲ್ಲಿ ಮ್ಯಾಂಚೆಸ್ಟರ್ ಫುಟ್‌ಬಾಲಿಗೆ ಅರ್ಧ ಪುಟ, ನಮ್ಮ ಹುಡುಗರಿಗೆ ಎರಡು ಸಾಲು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದ ಮೈಸೂರಿಗೆ ಇವತ್ತು ದೇಶದ ಅಗ್ರ ಕ್ಲಬ್ ಲೀಗ್ ಆದ ಐಎಸ್‌ಎಲ್‌ನಲ್ಲಿ ತಂಡವಿಲ್ಲ. ದುಡ್ಡಿರುವ ಯಾರಾದರೂ ಒಂದು ಕ್ಲಬ್ ಕಟ್ಟಬಾರದೇ? ಇನ್ನೊಂದು: ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ನಮ್ಮ ಕಡೆಯವರದ್ದೇ ಎನ್ನುತ್ತಾರೆ, ನಿಜವೇ?”

ಮೇಷ್ಟ್ರೇ,

ನಿಮ್ಮ ಕೋಪ ನ್ಯಾಯವಾದದ್ದೇ. ಆದರೆ ಅದರಲ್ಲಿ ಅರ್ಧ ಪಾಲು ಮಾತ್ರ ನಮಗೆ ಸಲ್ಲಬೇಕು.

ಮೊದಲು ಸಂತೋಷ್ ಟ್ರೋಫಿ ವಿಷಯ. 1946–47, 1952–53, 1967–68, 1968–69ರಲ್ಲಿ ಗೆದ್ದದ್ದು ಮೈಸೂರು ರಾಜ್ಯ, ಮೈಸೂರು ಊರಲ್ಲ. ಆ ಆಟದ ಬೇರು ಇದ್ದದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಆಮೇಲೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಹುಡುಗರಿಗೆ ಕೆಲಸ ಕೊಟ್ಟು ಆಡಿಸಿದವು. ಐದನೇ ಗೆಲುವು ಬರಲು 54 ವರ್ಷ ಹಿಡಿಯಿತು: 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3–2. ಹಳೇ ಕಪ್ ತೋರಿಸಿ ಇವತ್ತು ಐಎಸ್‌ಎಲ್ ಕೇಳೋಣವೆಂದರೆ ನಮ್ಮೂರಿನ ಹೆಸರಲ್ಲಿ ಅಷ್ಟು ದಾಖಲೆ ಇಲ್ಲ.

ಇನ್ನು ದುಡ್ಡಿರುವವರ ಮಾತು. ನನಗೆ ಆ ದಾರಿಯಲ್ಲಿ ನಂಬಿಕೆ ಕಡಿಮೆ. ಪಂಜಾಬಿನ ಜವಳಿ ಕಂಪನಿಯ ಜೆಸಿಟಿ ದೇಶದ ಮೊದಲ ರಾಷ್ಟ್ರೀಯ ಲೀಗನ್ನು 1996–97ರಲ್ಲಿ ಗೆದ್ದ ತಂಡ. 2011ರಲ್ಲಿ ಕಂಪನಿಯವರು ಬಾಗಿಲು ಹಾಕಿದರು. ಅದರ ಹಿಂದಿನ ವರ್ಷವೇ ಮಹೀಂದ್ರಾ ಯುನೈಟೆಡ್ ಮುಚ್ಚಿತ್ತು. ಎರಡೂ ಸೋತು ಸುಣ್ಣವಾದ ತಂಡಗಳಲ್ಲ. ಮಾಲೀಕರಿಗೆ ಸಾಕೆನಿಸಿತು, ಅಷ್ಟೆ.

ಕೆಳಗಿನಿಂದ ಹತ್ತುವ ದಾರಿ ಇದ್ದೇ ಇದೆ, ಬಲು ಉದ್ದ. ಬೆಂಗಳೂರು ಲೀಗಿನ ಸಿ, ಬಿ, ಎ ಡಿವಿಷನ್ ದಾಟಿ ಸೂಪರ್ ಡಿವಿಷನ್, ಅಲ್ಲಿಂದ ಐಎಸ್‌ಎಲ್‌ಗಿಂತ ಕೆಳಗಿನ ರಾಷ್ಟ್ರಮಟ್ಟದ ಲೀಗುಗಳು, ಇತ್ತೀಚಿನವರೆಗೆ ಐ-ಲೀಗ್ 3, 2, ಐ-ಲೀಗ್ ಎನ್ನುತ್ತಿದ್ದವು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು, ಮರು ಋತುವಿನಲ್ಲೇ ಕೊನೆಯ ಸ್ಥಾನಗಳಿಗೆ ಕುಸಿದು ಕೆಳಗಿಳಿಯಿತು. ಕೊಡಗು ಎಫ್‌ಸಿ, ರಿಯಲ್ ಚಿಕ್ಕಮಗಳೂರು ಎಫ್‌ಸಿ ಎಂಬ ಹೆಸರುಗಳು ಸೂಪರ್ ಡಿವಿಷನ್ ಪಟ್ಟಿಯಲ್ಲಿ ಕಂಡಿರುವುದು ನಿಮಗೂ ಗೊತ್ತು. ಹಾಗಾದರೆ ನಾವೂ ಯಾಕಾಗಬಾರದು ಎಂದು ನೀವು ಕೇಳಬಹುದು. ಆಗಬಹುದು. ಆದರೆ ಅಲ್ಲಿ ವಾರದ ದಿನಗಳಲ್ಲೂ ಮ್ಯಾಚ್ ಇರುತ್ತದೆ. ಪಿಯುಸಿ ಓದುವ ಹುಡುಗ, ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ತೊಂಬತ್ತು ನಿಮಿಷ ಆಡಿ ವಾಪಸ್ ಬರಬೇಕು. ರಜೆ ಎಲ್ಲಿಂದ ತರುತ್ತಾನೆ?

ನನ್ನ ಕೇಳಿದರೆ ಬೇಕಾಗಿರುವುದು ಕ್ಲಬ್ಬಿಗಿಂತ ಮೊದಲು ನಮ್ಮ ಜಿಲ್ಲೆಗಳದ್ದೇ ಒಂದು ನಿಜವಾದ ಲೀಗ್. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡು ದಿನದ ಹೊನಲು ಬೆಳಕಿನ ಪಂದ್ಯಾವಳಿ. ಎಷ್ಟೋ ಸಲ ಬ್ಯಾನರ್ ಮೇಲೆ ‘ಲೀಗ್’ ಎಂದಿರುತ್ತದೆ, ಆಡಿಸುವುದು ಒಮ್ಮೆ ಸೋತವರು ಹೊರಗೆ ಎನ್ನುವ ನಾಕೌಟ್. ಹದಿನಾರು ತಂಡ ಬಂದರೆ 15 ಪಂದ್ಯಕ್ಕೆ ಕಥೆ ಮುಗಿಯಿತು, ಎಂಟು ತಂಡಗಳು ಒಂದೇ ಮ್ಯಾಚ್ ಆಡಿ ಬ್ಯಾಗ್ ಕಟ್ಟಿದವು. ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧ ಜನರನ್ನು ಸಾರನ್ನಕ್ಕೇ ಎಬ್ಬಿಸಿ ಕಳಿಸಿದ ಹಾಗೆ. ಅದರ ಬದಲು ಎಂಟೇ ತಂಡ ಸೇರಿ, ಎಲ್ಲರೂ ಎಲ್ಲರೊಡನೆ ಒಮ್ಮೆ ಆಡುವ ಒಂದು ಸುತ್ತಿನ ಲೀಗ್ ಆಡಿದರೆ 28 ಪಂದ್ಯ. ಭಾನುವಾರಕ್ಕೆ ಎರಡರಂತೆ 14 ವಾರ. ಜೂನ್‌ನಲ್ಲಿ ಶುರು ಮಾಡಿದರೆ ದಸರೆಯ ಗದ್ದಲಕ್ಕೆ ಮುಂಚೆ ಮುಗಿಯುತ್ತದೆ. ಮಳೆ ಬಂದರೆ ಬರಲಿ, ಫುಟ್‌ಬಾಲಿಗೆ ಕೆಸರು ಹೊಸದಲ್ಲ.

ನಾಕೌಟ್‌ನಲ್ಲಿ ಕೋಚ್ ಹೊಸ ಹುಡುಗನನ್ನು ಇಳಿಸುವುದಿಲ್ಲ. ನಗದು ಬಹುಮಾನ ಕಣ್ಣ ಮುಂದೆ ಇರುತ್ತದೆ, ಹೊರಗಿನಿಂದ ಇಬ್ಬರು ‘ಗೆಸ್ಟ್ ಪ್ಲೇಯರ್’ ಕರೆಸುತ್ತಾನೆ. ಹದಿನೇಳರ ಗೋಲ್‌ಕೀಪರ್ ಬೆಂಚಿನ ಮೇಲೆ ಗ್ಲೌಸ್ ಹಾಕಿಕೊಂಡೇ ಕೂತು ಮನೆಗೆ ಹೋಗುತ್ತಾನೆ. ಲೀಗ್‌ನಲ್ಲಿ ಮೂರು ಮ್ಯಾಚ್ ಸೋತರೂ ನಾಲ್ಕನೆಯದು ಇರುತ್ತದೆ. ಆ ಹುಡುಗನಿಗೆ ಅಲ್ಲಿ ಜಾಗ ಸಿಗುತ್ತದೆ.

ಈಗ ಗಂಟೆ ಲೆಕ್ಕದ ಬಾಡಿಗೆ ಟರ್ಫ್‌ಗಳೂ ಬಂದಿವೆ. ಬೇಡವೆನ್ನುವುದಿಲ್ಲ. ಐದೈದು ಜನರ ಆಟದಲ್ಲಿ ಕಾಲು ಚುರುಕಾಗುತ್ತದೆ. ಆದರೆ ಅಲ್ಲೇ ಬೆಳೆದ ಹುಡುಗನನ್ನು ದೊಡ್ಡ ಮೈದಾನಕ್ಕೆ ಬಿಟ್ಟು ನೋಡಿ: ಆ ಕಡೆ ಲೈನ್ ಹತ್ತಿರ ವಿಂಗರ್ ಒಬ್ಬನೇ ಕೈ ಎತ್ತಿ ನಿಂತಿರುತ್ತಾನೆ, ಇವನು ತಲೆ ಎತ್ತದೆ ಪಕ್ಕದವನಿಗೇ ತಳ್ಳುತ್ತಾನೆ. ದೊಡ್ಡ ಮೈದಾನವೋ, ನಡುವೆ ಕ್ರಿಕೆಟ್ಟಿನ ಸಿಮೆಂಟ್ ಪಿಚ್. ಸ್ಲೈಡ್ ಮಾಡಿದವನ ಮಂಡಿ ಚರ್ಮ ಅಲ್ಲೇ ಉಳಿಯುತ್ತದೆ. ಮಂಡ್ಯದಲ್ಲಿ ಕಬಡ್ಡಿಗೆ ಮ್ಯಾಟ್ ಹಾಸಿದರೆ ಊರೇ ಸೇರುತ್ತದೆ. ಫುಟ್‌ಬಾಲಿಗೆ ಸುಣ್ಣದ ಗೆರೆ ಎಳೆಸುವುದಕ್ಕೂ ನಾಲ್ಕು ಜನರ ಹತ್ತಿರ ಹೋಗಬೇಕು.

ಇನ್ನು ಎರಡು ಸಾಲಿನ ದೂರು. ಕಳೆದ ತಿಂಗಳು ಒಂದು ಫೈನಲ್‌ನ ಪ್ರಕಟಣೆ ನಮ್ಮ ಮೇಜಿಗೆ ಬಂತು. ವೇದಿಕೆಯಲ್ಲಿದ್ದ ಗಣ್ಯರೆಲ್ಲರ ಹೆಸರು, ಹುದ್ದೆ ಸಮೇತ. ಯಾರಿಗೆ ಶಾಲು, ಯಾರಿಗೆ ಮೈಸೂರು ಪೇಟ ಎಂಬ ವಿವರ. ಫೋಟೋದಲ್ಲಿ ಕಪ್ ಹಿಡಿದವರು ಪ್ರಾಯೋಜಕರು, ಕ್ಯಾಪ್ಟನ್‌ನ ಅರ್ಧ ಕಿವಿ ಕಾಣುತ್ತದೆ. ಗೋಲು ಹೊಡೆದವನ ಹೆಸರು ಇಲ್ಲ. ಸ್ಕೋರೂ ಇಲ್ಲ, ‘ರೋಚಕ ಜಯ’ ಅಂತಿದೆ. ಫೋನ್ ಮಾಡಿ ಕೇಳಿದರೆ “ಟೂ ವನ್ ಇರಬೇಕು ಸಾರ್” ಎಂದರು. ಇದನ್ನಿಟ್ಟುಕೊಂಡು ನಮ್ಮ ವರದಿಗಾರ ಎರಡು ಸಾಲಿಗಿಂತ ಹೆಚ್ಚು ಏನು ಬರೆಯಬೇಕು, ನೀವೇ ಹೇಳಿ.

ಆದ್ದರಿಂದ ಒಂದು ಏರ್ಪಾಡು. ನೀವು ನಾಲ್ಕು ಶಾಲೆ-ಕಾಲೇಜಿನ ಮೈದಾನ ಕಂಡವರು, ರೆಫರಿಗಳು ಪರಿಚಯ. ಎಂಟು ತಂಡ ಒಪ್ಪಿಸಿ. ಪ್ರತಿ ಭಾನುವಾರ ರಾತ್ರಿ ಒಂಬತ್ತರೊಳಗೆ ಸ್ಕೋರ್, ಗೋಲು ಹೊಡೆದವರ ಪೂರ್ಣ ಹೆಸರು, ಎಷ್ಟನೇ ನಿಮಿಷ, ಹಳದಿ-ಕೆಂಪು ಕಾರ್ಡ್, ಇಷ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಹದಿನಾಲ್ಕು ವಾರವೂ ಅಂಕಪಟ್ಟಿ ಸಮೇತ ಅಚ್ಚು ಹಾಕುತ್ತೇನೆ. ಮ್ಯಾಂಚೆಸ್ಟರ್ ಕಾಲು ಪುಟಕ್ಕೆ ಇಳಿಯಲಿ, ಅವರಿಗೇನೂ ನಷ್ಟವಿಲ್ಲ. ಗಣ್ಯರ ಹೆಸರು ಮಾತ್ರ ದಯವಿಟ್ಟು ಬೇಡ.

ಒಲಿಂಪಿಕ್ಸ್ ವಿಷಯ ನಿಜ. 1948ರಲ್ಲಿ ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ ಆ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಪಂದ್ಯ 1–2ರಿಂದ ಕೈತಪ್ಪಿತು, ಸಿಕ್ಕ ಎರಡು ಪೆನಾಲ್ಟಿಯೂ ಗೋಲಾಗಲಿಲ್ಲ.

— ಸಂಪಾದಕ