ಗ್ಲಾಕೋಮಾಕ್ಕೆ ಲೇಸರ್: ಹನಿ ಔಷಧಿ ನಿಲ್ಲಿಸಬಹುದೇ?

ಪ್ರಶ್ನೆ: ಭತ್ತದ ಬೇಸಾಯ ಮಾಡುವ ನಮ್ಮ ತಂದೆಯವರಿಗೆ 62 ವರ್ಷ. ಗ್ಲಾಕೋಮಾಕ್ಕೆ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಹಾಳಾಗುವ ರೋಗ) ಪ್ರತಿ ರಾತ್ರಿ ಹನಿ ಹಾಕಿಕೊಳ್ಳಬೇಕು. ನಾಟಿ, ಕೊಯ್ಲಿನ ದಿನಗಳಲ್ಲಿ ಮರೆಯುತ್ತಾರೆ. ಈಚೆಗೆ ಕಣ್ಣಿನ ಒತ್ತಡ 26 (ಮಿ.ಮೀ. ಪಾದರಸ) ಬಂದಿದ್ದು, ವೈದ್ಯರು ಎಸ್‌ಎಲ್‌ಟಿ ಎಂಬ ಲೇಸರ್ ಚಿಕಿತ್ಸೆ ಸೂಚಿಸಿದ್ದಾರೆ. ಅದರಿಂದ ಇದ್ದ ದೃಷ್ಟಿಯೂ ಹೋಗುತ್ತದೆಂದು ಊರವರು ಹೆದರಿಸುತ್ತಾರೆ. ಹೋದ ದೃಷ್ಟಿ ಮರಳೀತೇ? ಹನಿ ನಿಲ್ಲಿಸಬಹುದೇ?
— ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನೋವಾದರೂ ಮೊದಲೇ ಹೇಳಿಬಿಡುತ್ತೇನೆ. ಗ್ಲಾಕೋಮಾದಲ್ಲಿ ಸತ್ತ ನರತಂತುಗಳು ಮತ್ತೆ ಚಿಗುರುವುದಿಲ್ಲವಾದ್ದರಿಂದ, ಕಳೆದ ದೃಷ್ಟಿ ಹನಿಯಿಂದಾಗಲಿ, ಲೇಸರ್‌ನಿಂದಾಗಲಿ, ಶಸ್ತ್ರಚಿಕಿತ್ಸೆಯಿಂದಾಗಲಿ ಮರಳುವುದಿಲ್ಲ. ಉಳಿದಿರುವುದನ್ನು ಕಾಯುವುದಕ್ಕೇ ಈ ಎಲ್ಲ ಪ್ರಯತ್ನ. ಲೇಸರ್ ಮಾಡಿಸಿಕೊಂಡು, ಗುಣವಾಯಿತೆಂದು ತಪಾಸಣೆ ಬಿಟ್ಟವರ ದೃಷ್ಟಿ ರೋಗದಿಂದಲೇ ಕುಗ್ಗಿದರೂ ದೂರು ಲೇಸರ್ ಮೇಲೆ ಬರುತ್ತದೆ.

ಕಾಲುವೆ ನೀರಿನಲ್ಲಿ ಬೇಸಾಯ ಮಾಡುವ ತಂದೆಯವರಿಗೆ ಇದನ್ನು ಹೀಗೆ ವಿವರಿಸಿ: ಕಣ್ಣಿನೊಳಗೆ ಸದಾ ಒಸರುವ ದ್ರವವು ಕರಿಗುಡ್ಡೆಯ ಅಂಚಿನ ಕೋನದಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಹೋಗಬೇಕು, ಹೂಳು ತುಂಬಿದ ತೂಬಿನಂತೆ ಆ ಜಾಲರಿ ಕಟ್ಟಿಕೊಂಡರೆ, ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಾದ ಒತ್ತಡ ಏರುತ್ತದೆ. ಎಸ್‌ಎಲ್‌ಟಿ ಈ ಜಾಲರಿಯ ಕೋಶಗಳನ್ನು ಪ್ರಚೋದಿಸಿ ಹರಿವನ್ನು ಸರಾಗಗೊಳಿಸುತ್ತದೆ. ಕೋನ ತೆರೆದಿರುವ ಗ್ಲಾಕೋಮಾಕ್ಕೆ ಮಾತ್ರ ಇದು. ಕೋನ ಮುಚ್ಚಿಕೊಂಡವರಿಗೆ ಕಣ್ಣಿನ ಬಣ್ಣದ ಪೊರೆಯಲ್ಲಿ ಸಣ್ಣ ರಂಧ್ರ ಮಾಡುವ ಲೇಸರ್ ಬೇರೆಯೇ ಇದೆ.

ಮರಗಟ್ಟಿಸುವ ಹನಿ ಹಾಕಿ, ಯಂತ್ರದ ಮೇಲೆ ಗದ್ದವೂರಿಸಿ, ಕಣ್ಣಿಗೆ ಪುಟ್ಟ ಮಸೂರವಿಟ್ಟು ಹಸಿರು ಬೆಳಕನ್ನು ಮಿಂಚಿಸುತ್ತಾರೆ. ಐದು-ಹತ್ತು ನಿಮಿಷದ ಕೆಲಸ. ಒಂದೆರಡು ದಿನ ಕಣ್ಣು ಕೆಂಪಾಗಬಹುದು, ಮಸುಕಾಗಬಹುದು. ಕೆಲವರಲ್ಲಿ ಒತ್ತಡ ತಾತ್ಕಾಲಿಕವಾಗಿ ಏರುವುದರಿಂದ, ಮತ್ತೊಮ್ಮೆ ಅಳೆಯಿಸಿಕೊಳ್ಳದೆ ಸಿಂಧನೂರಿನ ಬಸ್ ಹತ್ತಬೇಡಿ.

ಒತ್ತಡ ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ಇಳಿಯುತ್ತದೆ, ಪೂರ್ಣ ಫಲ ಕಾಣಲು ನಾಲ್ಕರಿಂದ ಎಂಟು ವಾರ ಬೇಕು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಮೊದಲಿಗೆ ಲೇಸರ್ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೂರು ವರ್ಷದ ನಂತರವೂ ಹನಿ ಬೇಕಾಗಿರಲಿಲ್ಲ. ಆದರೆ ಅವರೆಲ್ಲ ಅದುವರೆಗೆ ಚಿಕಿತ್ಸೆಯನ್ನೇ ಪಡೆಯದವರು. ಈಗಾಗಲೇ ಹನಿಯಲ್ಲಿರುವ ನಿಮ್ಮ ತಂದೆಯವರಿಗೆ ಅಷ್ಟೇ ಭರವಸೆ ಕೊಡಲಾರೆ. ಮರೆವಿನ ತೊಂದರೆ ಇರುವವರಿಗೆ ಲೇಸರ್ ಒಳ್ಳೆಯ ಸಲಹೆಯೇ, ಮಾಡಿಸಿ. ಅದರ ಫಲ ಕೆಲವು ವರ್ಷಗಳಲ್ಲಿ ಕುಗ್ಗಬಹುದು, ಆಗ ಮತ್ತೊಮ್ಮೆ ಮಾಡಲು ಸಾಧ್ಯವಿದೆ. ವೈದ್ಯರು ಹೇಳುವವರೆಗೆ ಹನಿ ಬಿಡಬೇಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟು ಹೊಲಕ್ಕೆ ಒಯ್ಯಲೂಬೇಡಿ, ಕೆಲವು ಹನಿಗಳು ಬಿಸಿಗೆ ಸತ್ವ ಕಳೆದುಕೊಳ್ಳುತ್ತವೆ.

ಈ ರೋಗ ಕುಟುಂಬಗಳಲ್ಲಿ ಹರಿದುಬರುವುದರಿಂದ, ಅಪ್ಪನನ್ನು ಕರೆದೊಯ್ದ ದಿನವೇ ನಿಮ್ಮ ಕಣ್ಣಿನ ಒತ್ತಡ ಮತ್ತು ನರವನ್ನೂ ಪರೀಕ್ಷಿಸಿಕೊಳ್ಳಿ, ಒಡಹುಟ್ಟಿದವರಿಗೂ ತಿಳಿಸಿ.