ಹೊಸ ಟಿವಿ ತಂದರೂ ಚಿತ್ರ ಮಸುಕು: ಟಿವಿ ಬದಲಿಸುವ ಮುಂಚೆ ಹಳದಿ ವೈರ್ ತೆಗೆಯಿರಿ

ಪ್ರಶ್ನೆ: ಸರ್, ಯುಗಾದಿಗೆ ಮಗ 43 ಇಂಚಿನ ಫುಲ್ ಎಚ್‌ಡಿ ಟಿವಿ ತಂದುಕೊಟ್ಟ. ಕೇಬಲ್ ಹುಡುಗ ಬಂದು ನಮ್ಮ ಹಳೆಯ ಬಾಕ್ಸನ್ನೇ ಹಳದಿ, ಕೆಂಪು, ಬಿಳಿ ವೈರಿನಲ್ಲಿ ಸೇರಿಸಿ ಹೋದ. ಅತ್ತೆಯವರು ಮೊದಲ ದಿನವೇ, 'ಹಳೇ ಡಬ್ಬಾ ಟಿವೀನೇ ಚೆನ್ನಾಗಿತ್ತಲ್ಲವ್ವಾ' ಅಂದರು. ಮುಖಗಳು ಅಗಲಕ್ಕೆ ಎಳೆದ ಹಾಗಿವೆ, ಕೆಳಗೆ ಓಡುವ ಅಕ್ಷರ ಕಲಸಿಹೋಗಿದೆ. ಎದುರು ಮನೆಯವರದೂ ಇದೇ ಕಂಪನಿಯ ಇದೇ ಅಳತೆಯ ಟಿವಿ, ಕನ್ನಡಿಯ ಹಾಗಿದೆ. ಅಂಗಡಿಯವರಿಗೆ ವಾಪಸ್ ಕೊಡಬಹುದೇ?
ಕುವೆಂಪುನಗರ, ಮೈಸೂರು

ಉತ್ತರ: ಕೊಡಬೇಡಿ. ಟಿವಿಯಲ್ಲಿ ದೋಷವಿರುವ ಸಾಧ್ಯತೆ ತೀರಾ ಕಡಿಮೆ. ನಿಮ್ಮ ಅತ್ತೆಯವರ ಕಣ್ಣೂ ಸುಳ್ಳು ಹೇಳುತ್ತಿಲ್ಲ. ಹಳೆಯ ಬಾಕ್ಸಿನಿಂದ ಹೊರಡುವ ಸಾಧಾರಣ ಚಿತ್ರದಲ್ಲಿ 720 ಅಡ್ಡ, 576 ಉದ್ದ, ಅಂದರೆ ಸುಮಾರು 4 ಲಕ್ಷ ಚುಕ್ಕಿಗಳಿರುತ್ತವೆ. 21 ಇಂಚಿನ ಪರದೆಗೆ ಅಷ್ಟು ಸಾಕಾಗಿತ್ತು. ನಿಮ್ಮ ಹೊಸ ಪರದೆಯಲ್ಲಿರುವುದು 1920ಕ್ಕೆ 1080, ಅಂದರೆ 20 ಲಕ್ಷಕ್ಕೂ ಮೇಲೆ. ಇಲ್ಲದ ಚುಕ್ಕಿಗಳನ್ನು ಟಿವಿ ಅಕ್ಕಪಕ್ಕದ್ದನ್ನು ನೋಡಿ ತಾನೇ ತುಂಬಿಕೊಳ್ಳುತ್ತದೆ. ಐವರಿಗೆ ಬಡಿಸಬೇಕಾದ ಕಡೆ ಒಬ್ಬರ ಸಾರಿಗೆ ನೀರು ಬೆರೆಸಿದ ಹಾಗೆ ಆಗುತ್ತದೆ ಚಿತ್ರ.

ಅದರ ಮೇಲೆ ಹಳದಿ ವೈರು. ಮೂರು ಬಣ್ಣದ ಆ ವೈರಿನಲ್ಲಿ ಕೆಂಪು, ಬಿಳಿ ಎರಡೂ ಧ್ವನಿಗೆ. ಚಿತ್ರವೆಲ್ಲ ಹಳದಿಯೊಂದರಲ್ಲೇ ಬರಬೇಕು. ಬೆಳಕು, ಬಣ್ಣ ಎರಡನ್ನೂ ಒಟ್ಟಿಗೆ ಕಲಸಿ ಕಳಿಸುವ ಹಳೆಯ ಪದ್ಧತಿ ಅದು. ಟಿವಿ ಅದನ್ನು ಮತ್ತೆ ಬಿಡಿಸಿಕೊಳ್ಳುವಾಗ ಕೆಂಪು ಸೀರೆಯ ಅಂಚು ಪಕ್ಕಕ್ಕೆ ಸೋರುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಆ ವೈರಿನಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಎಷ್ಟು ದುಬಾರಿ ಹಳದಿ ವೈರು ತಂದರೂ ಅಷ್ಟೇ.

ಬೇಕಾದದ್ದು ಎಚ್‌ಡಿಎಂಐ ವೈರು: ಚಪ್ಪಟೆ ಬಾಯಿ, ಒಳಗೆ 19 ಪಿನ್ನು, ಚಿತ್ರ ಮತ್ತು ಧ್ವನಿ ಎರಡೂ ಒಂದರಲ್ಲೇ. ಆದರೆ ಇದೊಂದನ್ನು ತಂದು ಸಿಕ್ಕಿಸಿದರೆ ಮುಗಿಯಿತು ಅಂದುಕೊಂಡು ಎಷ್ಟೋ ಜನ ಮೋಸಹೋಗುತ್ತಾರೆ. ಮೈಸೂರಿನಲ್ಲಿ ಕೇಬಲ್ ಡಿಜಿಟಲ್ ಆದದ್ದು 2013ರಲ್ಲಿ, ದೇಶದ 38 ನಗರಗಳ ಎರಡನೇ ಹಂತದಲ್ಲಿ. ಆಗ ಬಂದ ಬಾಕ್ಸೇ ನಿಮ್ಮಲ್ಲಿ ಇನ್ನೂ ಇದ್ದರೆ ಅದು ಬಹುಪಾಲು ಎಸ್‌ಡಿ, ಅಂದರೆ ಆ ಹಳೆಯ ಸಾಧಾರಣ ಚಿತ್ರ ಮಾತ್ರ ಕೊಡುವ ಬಾಕ್ಸ್. ಹಿಂದೆ ಎಚ್‌ಡಿಎಂಐ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಕೇಬಲ್‌ನವರಿಂದ ಎಚ್‌ಡಿ ಬಾಕ್ಸ್ ತೆಗೆದುಕೊಳ್ಳಲೇಬೇಕು. ತೂತು ಇದ್ದರೂ ಅದು ಎಚ್‌ಡಿ ಬಾಕ್ಸೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ, ಕೆಲವು ಎಸ್‌ಡಿ ಬಾಕ್ಸಿನಲ್ಲೂ ಅದಿರುತ್ತದೆ.

ಆಮೇಲೆ ಚಾನೆಲ್ಲು. ಎಚ್‌ಡಿ ಚಾನೆಲ್ಲಿನ ನಂಬರೇ ಬೇರೆ, ಬೆಲೆಯೂ ಬೇರೆ. ಎಚ್‌ಡಿ ಬಾಕ್ಸ್ ಹಾಕಿಸಿ ಹಳೆಯ ನಂಬರಿನಲ್ಲೇ ಧಾರಾವಾಹಿ ನೋಡಿದರೆ ಬರುವುದು ಹಳೆಯ ಚಿತ್ರವೇ. 2019ರಿಂದ ನಮಗೆ ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ಮನೆಯಲ್ಲಿ ದಿನಾ ನೋಡುವ ನಾಲ್ಕೈದನ್ನು ಮಾತ್ರ ಎಚ್‌ಡಿಗೆ ಬದಲಿಸಿ, ಅವುಗಳ ಎಸ್‌ಡಿ ತೆಗೆಸಿಬಿಡಿ. ಒಂದೇ ಚಾನೆಲ್ಲಿಗೆ ಎರಡು ಸಲ ದುಡ್ಡು ಕಟ್ಟುವ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವೈರಿಗೆ ಹೆಚ್ಚು ಸುರಿಯಬೇಡಿ. ಇದು ಡಿಜಿಟಲ್, ಚಿನ್ನದ ಲೇಪದ ದುಬಾರಿ ವೈರಿನಲ್ಲಿ ಬಣ್ಣವೇನೂ ಹೆಚ್ಚು ಗಾಢವಾಗುವುದಿಲ್ಲ. ಒಂದೂವರೆ ಮೀಟರಿನ 'ಹೈ ಸ್ಪೀಡ್' ಎಂದು ಬರೆದಿರುವ ಸಾಧಾರಣ ವೈರು ಧಾರಾಳ ಸಾಕು.

ಸಿಕ್ಕಿಸುವಾಗ ಒಂದು ಮಾತು ಮರೆಯಬೇಡಿ. ಟಿವಿ, ಬಾಕ್ಸ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕೀಳಿ, ಬೀದಿಯಿಂದ ಬರುವ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿ. ನಮ್ಮ ಹಳೆಯ ಅಗ್ರಹಾರದ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದು ಕಡಿಮೆ. ಬಾಕ್ಸಿನ ಮೈ ಮುಟ್ಟಿದರೆ ಜುಮ್ ಅನ್ನುವುದನ್ನು ನೀವೂ ಕಂಡಿರಬಹುದು. ಆ ಸೋರುವ ಕರೆಂಟು ಪಿನ್ನಿನ ಮೂಲಕ ಹರಿದು ಎಚ್‌ಡಿಎಂಐ ಪೋರ್ಟ್ ಸುಟ್ಟ ಟಿವಿಗಳು ನನ್ನ ಮೇಜಿನ ಮೇಲೆ ಬಂದಿವೆ. ಎರಡು ನಿಮಿಷದ ಆತುರಕ್ಕೆ ಇಡೀ ಬೋರ್ಡ್ ಬದಲಿಸಬೇಕಾಗುತ್ತದೆ.

ಎಲ್ಲ ಸೇರಿಸಿ ಆನ್ ಮಾಡಿದ ಮೇಲೆ ಟಿವಿ ರಿಮೋಟಿನಲ್ಲಿ ಸೋರ್ಸ್ ಒತ್ತಿ, ವೈರು ಹಾಕಿದ ಎಚ್‌ಡಿಎಂಐ ನಂಬರು ಆರಿಸಿ. ನಂತರ ಬಾಕ್ಸಿನ ರಿಮೋಟಿನಲ್ಲಿ ಮೆನುವಿಗೆ ಹೋಗಿ ವಿಡಿಯೋ ಸೆಟ್ಟಿಂಗ್ ನೋಡಿ. ಅಲ್ಲಿ 576 ಎಂದಿದ್ದರೆ 1080ಐ ಮಾಡಿ, ಪರದೆಯ ಆಕಾರ 16:9 ಇರಲಿ. ಎಲ್ಲ ಸರಿಯಿದ್ದೂ ಬಾಕ್ಸ್ 576ರಲ್ಲೇ ನಿಂತಿರುವ ಮನೆಗಳು ಬಹಳ. ಮುಖ ಅಗಲವಾಗುವುದು ಹಳೆಯ ಚೌಕ ಚಿತ್ರವನ್ನು ಅಗಲದ ಪರದೆಗೆ ಎಳೆದದ್ದರಿಂದ. ಎಚ್‌ಡಿ ಚಾನೆಲ್ಲುಗಳ ಚಿತ್ರ ಅಗಲದ ಪರದೆಗೇ ತಯಾರಾಗಿ ಬರುವುದರಿಂದ ಮುಖ ಮುಖವಾಗಿಯೇ ಕಾಣುತ್ತದೆ. ಹಳೆಯ ಸಿನಿಮಾ ಮಾತ್ರ ಎಚ್‌ಡಿ ಚಾನೆಲ್ಲಿನಲ್ಲೂ ಸ್ವಲ್ಪ ಮಸುಕಾಗಿಯೇ ಕಾಣಬಹುದು. ಅದು ಮೂಲ ಪ್ರತಿಯ ಮಿತಿ, ನಿಮ್ಮ ಟಿವಿಯದಲ್ಲ.

ಸಾಧ್ಯವಾದರೆ ದಸರಾಕ್ಕೆ ಮುಂಚೆ ಮಾಡಿಸಿಕೊಳ್ಳಿ. ಜನಜಂಗುಳಿಯಲ್ಲಿ ನಿಲ್ಲಲಾಗದ ಅತ್ತೆಯವರು ಜಂಬೂ ಸವಾರಿಯನ್ನು ಮನೆಯಲ್ಲೇ ಕೂತು ನೋಡುವಾಗ, ಸುಮಾರು 750 ಕಿಲೋ ತೂಗುವ ಆ ಅಂಬಾರಿಯ ಕುಸುರಿ ಅವರ ಕಣ್ಣಿಗೂ ಕಾಣಲಿ.

ಪ್ರಶ್ನೆ: ಎಚ್‌ಡಿಎಂಐ ಹಾಕಿಸಿದ ಮೇಲೆ ಹಳೆಯ ಹೋಂ ಥಿಯೇಟರ್ ಸ್ಪೀಕರಿನಲ್ಲಿ ಧ್ವನಿ ನಿಂತುಹೋಗಿದೆ.
ಶ್ರೀರಂಗಪಟ್ಟಣ

ಉತ್ತರ: ಹಳದಿಯ ಜೊತೆ ಕೆಂಪು, ಬಿಳಿಯನ್ನೂ ಕಿತ್ತುಬಿಟ್ಟಿದ್ದಾರೆ. ಹಳದಿಯನ್ನು ಸುಮ್ಮನೆ ಬಿಟ್ಟು, ಕೆಂಪು ಬಿಳಿಯನ್ನು ಬಾಕ್ಸಿನಿಂದ ನೇರ ಹೋಂ ಥಿಯೇಟರಿಗೆ ಸೇರಿಸಿ. ಹೆಚ್ಚಿನ ಬಾಕ್ಸುಗಳು ಎರಡೂ ಕಡೆ ಒಟ್ಟಿಗೇ ಧ್ವನಿ ಕೊಡುತ್ತವೆ. ಟಿವಿಯ ಧ್ವನಿ ಮ್ಯೂಟ್ ಮಾಡಿದರಾಯಿತು.

ಪ್ರಶ್ನೆ: ಎಚ್‌ಡಿ ಚಾನೆಲ್ಲಿನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ಟಿವಿ ಆನ್ ಇದ್ದರೂ 'ಸಿಗ್ನಲ್ ಇಲ್ಲ' ಎನ್ನುತ್ತದೆ. ಬಾಕ್ಸ್ ಕೆಟ್ಟಿದೆಯೇ?
ಮಂಡ್ಯ

ಉತ್ತರ: ಇಲ್ಲ. ಮೊದಲನೆಯದು ಸಿಗ್ನಲ್ ಸೊರಗಿದ್ದಕ್ಕೆ. ಹಿಂದೆ ಸಿಗ್ನಲ್ ಕಡಿಮೆಯಾದರೆ ಪರದೆಯ ಮೇಲೆ ಮಂಜು ಬೀಳುತ್ತಿತ್ತು. ಡಿಜಿಟಲ್‌ನಲ್ಲಿ ಒಂದು ಹಂತದವರೆಗೆ ಚೆನ್ನಾಗಿದ್ದು ಥಟ್ಟನೆ ಒಡೆಯುತ್ತದೆ. ಮನೆಯೊಳಗೆ ವೈರನ್ನು ಕೈಯಲ್ಲಿ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ತೆಗೆಸಿ, ಬಳಸದ ರೂಮಿಗೆ ಹೋದ ಸ್ಪ್ಲಿಟರ್ ಬಿಚ್ಚಿಸಿ. ಎರಡು ಕವಲಿನ ಒಂದು ಸ್ಪ್ಲಿಟರ್ ಅರ್ಧಕ್ಕೂ ಹೆಚ್ಚು ಸಿಗ್ನಲ್ ತಿನ್ನುತ್ತದೆ. ಎರಡನೆಯದಕ್ಕೆ ನಿಮ್ಮ ಮನೆಯಲ್ಲಿ ಪರಿಹಾರವಿಲ್ಲ: ಬೀದಿಯ ಕಂಬದ ಮೇಲೆ ಕೂತಿರುವ ಕೇಬಲ್ ಆಂಪ್ಲಿಫೈಯರಿಗೂ ಅದೇ ಬೀದಿಯ ಕರೆಂಟೇ ಬೇಕು. ಅದಕ್ಕೆ ಬ್ಯಾಟರಿ ಇಡಿ ಎಂದು ಬೀದಿಯವರೆಲ್ಲ ಸೇರಿ ಕೇಬಲ್‌ನವರನ್ನು ಕೇಳಿ.