ಓದುಗರ ಪ್ರಶ್ನೆ: ಅಪಾರ್ಟ್‌ಮೆಂಟ್ ಗೊಬ್ಬರ, ತಾರಸಿಯ ಸೊಪ್ಪು

ಪ್ರಶ್ನೆ: ನಮ್ಮದು ಬೆಂಗಳೂರಿನ 24 ಮನೆಗಳ ಅಪಾರ್ಟ್‌ಮೆಂಟ್. ದಿನಕ್ಕೆ ಸುಮಾರು 12 ಕೆ.ಜಿ. ಹಸಿ ಕಸವನ್ನು ಎರಡು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಮೇಲೆ ಒಂದೆರಡು ಹಿಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರಿಸುತ್ತೇವೆ. ಎರಡೇ ವಾರಕ್ಕೆ ಕೊಳೆತ ಮೊಟ್ಟೆಯ ವಾಸನೆ, ಅಡಿಯಲ್ಲಿ ಕಪ್ಪು ನೀರು. ಅಂಗಡಿಯಿಂದ ತಂದ ಗೊಬ್ಬರದ ಪುಡಿ ಹಾಕಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಪುಡಿಗೆ ಇನ್ನು ದುಡ್ಡು ಸುರಿಯಬೇಡಿ. ನಿಮ್ಮ ಡ್ರಮ್ಮಿನಲ್ಲಿ ಕೊರತೆಯಾಗಿರುವುದು ಗಾಳಿ ಮತ್ತು ತರಗೆಲೆ. ಅಡುಗೆಮನೆ ಕಸದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದು ಕುಸಿದು ಮುದ್ದೆಯಾದಾಗ ಒಳಗೆ ಗಾಳಿಯಾಡುವುದಿಲ್ಲ. ಆಗ ಗಾಳಿ ಬೇಡದ ಜೀವಾಣುಗಳು ಹೆಚ್ಚಿ ಆ ವಾಸನೆ ಬರುತ್ತದೆ. ಕೋಕೋಪೀಟ್ ನೀರು ಹೀರುತ್ತದೆ, ನಿಜ. ಆದರೆ ಅದರ ನಾರು ಬೇಗ ಕರಗುವುದಲ್ಲ, ಜೀವಾಣುಗಳಿಗೆ ಆಹಾರವಾಗಿ ಅಷ್ಟಾಗಿ ಒದಗುವುದಿಲ್ಲ. ತರಗೆಲೆ ಎರಡೂ ಕೆಲಸ ಮಾಡುತ್ತದೆ, ಅದೂ ಬಿಟ್ಟಿಯಾಗಿ.

ಅಳತೆ ಹೀಗಿರಲಿ: ಒಂದು ಬಕೆಟ್ ಹಸಿ ಕಸಕ್ಕೆ ಒಂದೂವರೆ ಬಕೆಟ್ ಪುಡಿಮಾಡಿದ ತರಗೆಲೆ. ಸಾರು, ಮಜ್ಜಿಗೆಯನ್ನು ಮನೆಯಲ್ಲೇ ಬಸಿದು ಕೊಡಲು ಹೇಳಿ. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಇಳಿದರೆ ಎಲೆ ಸಾಲದು, ಒಂದು ಹನಿಯೂ ಬಾರದೆ ಪುಡಿಪುಡಿಯಾದರೆ ನೀರು ಚಿಮುಕಿಸಿ. ವಾಸನೆಯೇ ಕಾಯಿಲೆ ಹೇಳುತ್ತದೆ. ಕೊಳೆತ ಮೊಟ್ಟೆಯ ನಾತವೆಂದರೆ ಗಾಳಿ ಇಲ್ಲ, ಮಗುಚಿ ಹಾಕಿ. ಮೂತ್ರದಂತೆ ಮೂಗಿಗೆ ಹತ್ತಿದರೆ ಸಾರಜನಕ ಹೆಚ್ಚಾಗಿದೆ, ಎಲೆ ಸೇರಿಸಿ. ಹುಳಿ ವಾಸನೆ ಬಂದರೆ ಅನ್ನ ಒಂದೇ ಕಡೆ ಗಟ್ಟಿಯಾಗಿ ಕೂತಿರುತ್ತದೆ, ಬಿಡಿಸಿ ಕಲಸಿ.

12 ಕೆ.ಜಿ.ಗೆ ಡ್ರಮ್ಮು ಚಿಕ್ಕದಾಯಿತು. 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ ಮೂರು ತೊಟ್ಟಿ ಕಟ್ಟಿಸಿ. ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಸಂದು ಬಿಡಿಸಿ, ತಳದಲ್ಲಿ ಒಣ ಕಡ್ಡಿ ಹಾಸಿ, ಮೇಲೆ ಮಳೆ ಬೀಳದಂತೆ ಶೀಟು ಹೊದಿಸಿ. ಕಸ ಕುಸಿಯುತ್ತಾ ಹೋಗುವುದರಿಂದ ಒಂದು ತೊಟ್ಟಿ ತುಂಬಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಮೂರನೆಯದು ತುಂಬುವಷ್ಟರಲ್ಲಿ ಮೊದಲನೆಯದಕ್ಕೆ ಎರಡು ತಿಂಗಳು ಬಿಡುವು ಸಿಕ್ಕಿರುತ್ತದೆ. ರಾಶಿ ಇಷ್ಟು ದೊಡ್ಡದಾದರೆ ಒಳಗೆ 55 ಡಿಗ್ರಿ ದಾಟಿ ಕಾವೇರುತ್ತದೆ. ಆ ಕಾವಿಗೆ ಕಳೆ ಬೀಜಗಳು ಸಾಯುತ್ತವೆ. ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ, ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ಕೆಲಸ ನಡೆಯುತ್ತಿದೆ.

ಇನ್ನು ಎಲೆಯ ಲೆಕ್ಕ. 12 ಕೆ.ಜಿ. ಕಸ ಎಂದರೆ ಸುಮಾರು 24 ಲೀಟರ್, ಅದಕ್ಕೆ 36 ಲೀಟರ್ ಎಲೆ ಪುಡಿ. ಮಳೆಗಾಲದಲ್ಲಿ ಒಣ ಎಲೆ ಎಲ್ಲಿಂದ ಬಂದೀತು? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಕ್ಕೆ 4,400 ಲೀಟರ್ ಬೇಕು, ಅಂದರೆ 100 ಲೀಟರ್ ಹಿಡಿಯುವ 44 ಚೀಲ. ಬೇಸಿಗೆಗೆ ಮೊದಲು ಹೊಂಗೆ, ಮಳೆಮರಗಳು ಎಲೆ ಉದುರಿಸುವಾಗಲೇ ತುಂಬಿಸಿಡಿ. ಬೀದಿ ಗುಡಿಸುವ ಪೌರಕಾರ್ಮಿಕರನ್ನು ಕೇಳಿದರೆ ರಾಶಿಗಟ್ಟಲೆ ಸಿಗುತ್ತದೆ. ಗುಟ್ಕಾ ಪೊಟ್ಟಣ ಆರಿಸಬೇಕು, ಅಷ್ಟೆ. ಜನ ಇದನ್ನೇ ಗುಡ್ಡೆ ಹಾಕಿ ಸುಡುತ್ತಾರಲ್ಲ! ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು.

ಪ್ರಶ್ನೆ: ಗೊಬ್ಬರದ ಬುಟ್ಟಿ ತುಂಬ ದಪ್ಪ ಹುಳಗಳು. ಪಕ್ಕದ ಮನೆಯವರು ಜಗಳ ತೆಗೆದಿದ್ದಾರೆ. ಔಷಧಿ ಹೊಡೆಯಲೇ?

ಉತ್ತರ: ಬೇಡವೇ ಬೇಡ. ಬೂದು ಅಥವಾ ಕಂದು ಬಣ್ಣದ, ಪಟ್ಟಿಪಟ್ಟಿಯಾಗಿರುವ ಚಪ್ಪಟೆ ಹುಳವಾದರೆ ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಸವನ್ನು ಬೇಗ ಬೇಗ ತಿಂದು ಮುಗಿಸುತ್ತದೆ. ಅದರ ನೊಣ ಕಚ್ಚುವುದೂ ಇಲ್ಲ. ಸಣ್ಣ ಬಿಳಿ ಹುಳವಾದರೆ ಮನೆನೊಣದ್ದಿರಬಹುದು. ಹಸಿ ಕಸ ತೆರೆದೇ ಬಿಟ್ಟಿದ್ದೀರಿ ಎಂದರ್ಥ. ಪ್ರತಿ ಸಲ ಎರಡು ಇಂಚು ಎಲೆ ಮುಚ್ಚಿದರೆ ಎರಡೂ ಕಡಿಮೆಯಾಗುತ್ತವೆ. ಪಕ್ಕದವರಿಗೂ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಗೊಬ್ಬರದಲ್ಲೇ ಬಿತ್ತಿದ ಹರಿವೆ, ಮೆಂತ್ಯ ಮೊಳೆತು ಹಳದಿಯಾಗುತ್ತಿವೆ.

ಉತ್ತರ: ಗೊಬ್ಬರ ಹಣ್ಣಾಗಿಲ್ಲ. ಅರೆ ಕೊಳೆತ ಗೊಬ್ಬರ ಕೊಳೆಯುವುದನ್ನು ಮುಗಿಸಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡಕ್ಕೆ ಉಳಿಯುವುದಿಲ್ಲ. ಒಂದು ಹಿಡಿ ಗೊಬ್ಬರವನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಬಳಸಬಹುದು, ನಾರಿದರೆ ಇನ್ನೊಂದು ತಿಂಗಳು ಬಿಡಿ. ಹಣ್ಣಾದ ಮೇಲೂ ಬರೀ ಗೊಬ್ಬರದಲ್ಲಿ ಬಿತ್ತಬೇಡಿ. ಮಣ್ಣು, ಗೊಬ್ಬರ, ತೊಳೆದ ಕೋಕೋಪೀಟ್ ಸಮಸಮ ಇರಲಿ. ಉಪ್ಪಿನಕಾಯಿ, ಸಾರು ಹೆಚ್ಚು ಬೀಳುವ ಗೊಬ್ಬರದಲ್ಲಿ ಉಪ್ಪು ಕೂಡಿಕೊಂಡು ಎಲೆಯಂಚು ಸುಡುವುದೂ ಉಂಟು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದೇ ಅನುಮಾನ.

ಪ್ರಶ್ನೆ: ಮೈಸೂರಿನ ನಮ್ಮ ಕಟ್ಟಡದ ತಾರಸಿ ಮೇಲೆ ಎಲ್ಲರೂ ಸೇರಿ ಮಣ್ಣು ಹರಡಿ ಸೊಪ್ಪಿನ ಮಡಿ ಮಾಡಬೇಕೆಂದಿದ್ದೇವೆ.

ಉತ್ತರ: ಮೊದಲು ತೂಕ ನೋಡಿ. ಜನ ಓಡಾಡುವ ತಾರಸಿಗೆ ಕಟ್ಟಡ ಎಷ್ಟು ಭಾರ ಹೊರಬೇಕೆಂದು ಹೇಳುವ ಭಾರತೀಯ ಮಾನಕ (IS) 875ರ ಪ್ರಕಾರ ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕೆ.ಜಿ. ಆರು ಇಂಚು ತೋಟದ ಮಣ್ಣು ನೆನೆದರೆ ಚದರ ಮೀಟರಿಗೆ 250 ಕೆ.ಜಿ. ದಾಟುತ್ತದೆ. ಆದ್ದರಿಂದ ತಾರಸಿ ಪೂರ್ತಿ ಮಣ್ಣು ಹರಡುವ ಯೋಚನೆ ಬಿಡಿ. ಇಂಜಿನಿಯರಿಗೆ ತೋರಿಸಿ, ತೊಲೆ ಹಾದುಹೋದ ಜಾಗ ಮತ್ತು ಗೋಡೆಯಂಚಿನಲ್ಲಿ ಮಾತ್ರ ಕೋಕೋಪೀಟ್ ಹೆಚ್ಚಿರುವ ಟ್ರೇ, ಗ್ರೋಬ್ಯಾಗ್ (ಗಿಡ ಬೆಳೆಸುವ ಚೀಲ) ಇಡಿ. ಒಂದಡಿ ಅಗಲ, ಒಂದಡಿ ಎತ್ತರದ ಗ್ರೋಬ್ಯಾಗೂ ನೆನೆದಾಗ 20 ಕೆ.ಜಿ. ಆಸುಪಾಸು ತೂಗುತ್ತದೆ. ಇಟ್ಟಿಗೆ ಮೇಲೆ ಎತ್ತಿ ಇಟ್ಟರೆ ಅಡಿಯಲ್ಲಿ ನೀರು ಹರಿದುಹೋಗುತ್ತದೆ. ಮಳೆನೀರಿನ ಪೈಪಿನ ಬಾಯಿಗೆ ಜಾಲರಿ ಹಾಕುವುದನ್ನು ಮರೆತರೆ ಮೊದಲ ಜೋರು ಮಳೆಗೇ ತಾರಸಿ ಕೆರೆಯಾಗುತ್ತದೆ.

ಪ್ರಶ್ನೆ: ನಿಂಬೆ ಸಿಪ್ಪೆ, ಮೊಟ್ಟೆ ಚಿಪ್ಪು, ಮೂಳೆ ಹಾಕಬಹುದೇ?

ಉತ್ತರ: ನಿಂಬೆ ಸಿಪ್ಪೆ ಹೆಚ್ಚಿ ಹಾಕಿ. ಚಿಪ್ಪು ಒಣಗಿಸಿ ಪುಡಿಮಾಡಿ, ಇಡಿಯಾಗಿ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ಮೂಳೆ, ಮಾಂಸ ಸಾಮುದಾಯಿಕ ತೊಟ್ಟಿಗೆ ಬೇಡ, ಹೆಗ್ಗಣ ಬರುತ್ತದೆ. ತೆಂಗಿನ ಚಿಪ್ಪನ್ನೂ ಬೇರೆ ಇಡಿ.